ವಿಷವನ್ನರಿತ ಲೇಖನಿ

ಪತ್ತೇದಾರಿ ಕಾದಂಬರಿಯೆಂದರೆ ರೈಲಿನಲ್ಲಿ ಓದಿ ಅಲ್ಲಿಯೇ ಬಿಟ್ಟಿಳಿಯುವ ಪುಸ್ತಕವೆಂದು ಬಹುಕಾಲ ನಾನೂ ಭಾವಿಸಿದ್ದೆ, ಕೇಳುಗರಲ್ಲಿ ಕೆಲವರಾದರೂ ಹಾಗೆ ಭಾವಿಸಿರಬಹುದು. ನನ್ನ ಆ ಭಾವನೆಯನ್ನು ಅಳಿಸಿದವರು ಅಗಾಥಾ ಕ್ರಿಸ್ಟಿ.

1890ರಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಹುಟ್ಟಿದ ಈಕೆ ಮೊದಲನೆಯ ಮಹಾಯುದ್ಧದ ದಿನಗಳಲ್ಲಿ ಆ ಊರಿನ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದರು. ಯಾವ ಮದ್ದು ಎಷ್ಟಾದರೆ ವಿಷವಾದೀತೆಂಬ ಅರಿವು ಅವರಿಗೆ ದೊರೆತದ್ದು ಅಲ್ಲಿ. 1920ರಲ್ಲಿ ಅಚ್ಚಾದ ಮೊದಲ ಕಾದಂಬರಿಯಲ್ಲಿಯೇ ಕೊಲೆಯ ಸಾಧನ ಸ್ಟ್ರಿಕ್ನೀನ್. ಆ ರಹಸ್ಯವನ್ನು ಭೇದಿಸಿದವನು, ಯುದ್ಧದಿಂದ ನಿರಾಶ್ರಿತನಾಗಿ ಬಂದ ಬೆಲ್ಜಿಯಮ್ಮಿನ ಹರ್ಕ್ಯೂಲ್ ಪ್ವಾರೊ. ಒಟ್ಟು 66 ಪತ್ತೇದಾರಿ ಕಾದಂಬರಿಗಳನ್ನು ಬರೆದು, 1976ರಲ್ಲಿ ಅವರು ತೀರಿಕೊಂಡರು. 1952ರಲ್ಲಿ ಲಂಡನ್ನಿನಲ್ಲಿ ರಂಗವೇರಿದ ಅವರ ‘ದಿ ಮೌಸ್‌ಟ್ರ್ಯಾಪ್’ ನಾಟಕ 2020ರ ಮಹಾಮಾರಿಯವರೆಗೆ ಎಡೆಬಿಡದೆ ನಡೆಯಿತು.

ನನ್ನ ಮನಸ್ಸನ್ನು ತಟ್ಟಿದ್ದು ಮಾತ್ರ 1977ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ನಡೆದ ಒಂದು ಸಂಗತಿ. ಕತಾರಿನಿಂದ ಕರೆತಂದಿದ್ದ 19 ತಿಂಗಳ ಕೂಸೊಂದರ ಕಾಯಿಲೆ ವೈದ್ಯರ ಅರಿವಿಗೆ ನಿಲುಕದೆ ಹೋಗಿತ್ತು. ಆಗ ಕ್ರಿಸ್ಟಿಯವರ 1961ರ ‘ದಿ ಪೇಲ್ ಹಾರ್ಸ್’ ಕಾದಂಬರಿಯನ್ನು ಓದುತ್ತಿದ್ದ ದಾದಿಯೊಬ್ಬರು, ಮಗುವಿನ ಕೂದಲುದುರುವುದನ್ನು ಕಂಡು, ಇದು ಥಾಲಿಯಂ ವಿಷವಿರಬಹುದೆಂದರು. ಪರೀಕ್ಷೆ ಅದನ್ನೇ ದೃಢಪಡಿಸಿತು, ಮಗು ಬದುಕಿತು.

ಕೊಲೆಯ ಕಥೆಯನ್ನು ಹೆಣೆಯುವಾಗಲೂ ಔಷಧಾಲಯದ ತಕ್ಕಡಿಯ ನಿಷ್ಠೆಯನ್ನು ಆಕೆ ಬಿಡಲಿಲ್ಲ. ಹಗುರವಾದ ಓದೆಂದು ನಾವು ಬದಿಗಿಟ್ಟ ಪುಸ್ತಕವೂ ಒಂದು ಜೀವವನ್ನುಳಿಸಬಲ್ಲುದು.