ತಂತಿಯಿಲ್ಲದ ಮನೆ ದೂರವಾಣಿ: ಜೋಡಿಸುವ ಬಗೆ, ಜೋಪಾನದ ಬಳಕೆ



ಜಗಳೂರು ಸೀಮೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ರಾತ್ರಿ ಹತ್ತು ಗಂಟೆ. ಹಿತ್ತಲಿಗೆ ಹೋದ ಮಗನ ಕಾಲಿಗೆ ಹಾವು ಕಚ್ಚಿದೆ. ಗೋಡೆಗಳು ದಪ್ಪ, ಮೊಬೈಲಿಗೆ ಒಳಗೆ ಸಿಗ್ನಲ್ ಇಲ್ಲ. ಮನೆಯಲ್ಲಿ ಹೊಸದಾಗಿ ತಂದ ತಂತಿಯಿಲ್ಲದ ಫೋನ್ ಉಂಟು. ಅಜ್ಜಿ ಅದನ್ನು ಕೈಗೆತ್ತಿಕೊಂಡು ಗುಂಡಿ ಒತ್ತಿದರೆ ಸದ್ದೇ ಇಲ್ಲ. ಕರೆಂಟು ಹೋಗಿ ಅರ್ಧ ಗಂಟೆಯಾಗಿದೆ. ಕರೆಂಟಿಲ್ಲದೆ ಆ ಫೋನು ಮಾತನಾಡುವುದಿಲ್ಲವೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದು ಕಲ್ಪಿಸಿ ಹೇಳಿದ ಮಾತು. ಆದರೆ ನಡೆಯಲಾರದ ಮಾತಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡಿಗೆ ನೋಡುತ್ತೇವೆ. ಮನೆಗೆ ತರುವ ಯಂತ್ರದ ಗುಣದೋಷಗಳನ್ನೂ ಹಾಗೆಯೇ ಅರಿತಿರಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮನೆಗಳಿಗೆ ಉಪಯೋಗವಾಗಲೆಂದು ಈ ಕೆಲವು ಸಂಗತಿಗಳನ್ನು ಇಲ್ಲಿ ತಿಳಿಸಿದೆ.

ಈ ಯಂತ್ರ ಯಾವುದು?

ತಂತಿಯಿಲ್ಲದ ದೂರವಾಣಿಗೆ ಜನ ಕಾರ್ಡ್‌ಲೆಸ್ ಫೋನ್ ಎನ್ನುತ್ತಾರೆ. ಇದರಲ್ಲಿ ಎರಡು ಭಾಗಗಳು. ಒಂದು, ಗೋಡೆಯ ತಂತಿಗೂ ಕರೆಂಟಿಗೂ ಕೂಡಿಕೊಂಡು ಒಂದೇ ಕಡೆ ಕೂರುವ ಬೇಸ್. ಇನ್ನೊಂದು, ಕೈಯಲ್ಲಿ ಹಿಡಿದು ಓಡಾಡುವ ಹ್ಯಾಂಡ್‌ಸೆಟ್. ದೂರವಾಣಿಯ ತಂತಿ ಬೇಸಿನವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಹ್ಯಾಂಡ್‌ಸೆಟ್ಟಿಗೆ ಮಾತು ರೇಡಿಯೋ ಅಲೆಯ ಮೇಲೆ ಹೋಗುತ್ತದೆ. ಆಕಾಶವಾಣಿಯ ಅಲೆ ಒಂದೇ ದಿಕ್ಕಿಗೆ ಬರುತ್ತದೆ. ಇಲ್ಲಿ ಅಲೆ ಹೋಗುವುದೂ ಉಂಟು, ಬರುವುದೂ ಉಂಟು.

ಹೆಸರಿಗೆ ತಂತಿಯಿಲ್ಲದ್ದಾದರೂ ಇದು ಮೊಬೈಲ್ ಅಲ್ಲ. ಬೇಸನ್ನು ಬಿಟ್ಟು ದೂರ ಹೋದರೆ ಮಾತು ಕಡಿದುಹೋಗುತ್ತದೆ. ಮನೆಯೊಳಗೆ ಸುಮಾರು 50 ಮೀಟರ್, ಅಡ್ಡಿಯಿಲ್ಲದ ಬಯಲಿನಲ್ಲಿ ಹೆಚ್ಚೆಂದರೆ 300 ಮೀಟರ್ ಎಂದು ಲೆಕ್ಕ. ದಪ್ಪ ಮಣ್ಣಿನ ಗೋಡೆ, ಕಲ್ಲುಗೋಡೆ, ತಗಡಿನ ಮಾಡು ಇದ್ದರೆ ಅಷ್ಟೂ ಸಿಗದು. ದನದ ಕೊಟ್ಟಿಗೆ, ಕಣ, ಅಂಗಳಗಳಿಗೆ ಸಾಕಾಗಬಹುದು. ದೂರದ ತೋಟಕ್ಕೆ ಒಯ್ಯುವ ಆಸೆ ಬೇಡ.

ಮೊಬೈಲ್ ಇರುವಾಗ ಇದೇಕೆ ಎಂದು ಕೇಳಬಹುದು. ಮನೆಗೆ ಫೈಬರ್ ತಂತಿ ಹಾಕಿಸಿದವರಿಗೆ ಅದರೊಡನೆ ದೂರವಾಣಿಯೂ ದೊರೆಯುವುದು ಸಾಮಾನ್ಯ. ಒಳಮನೆಯಲ್ಲಿ ಸಿಗ್ನಲ್ ಸಿಗದವರಿಗೆ ಇದು ಅನುಕೂಲ. ಕಣ್ಣು ಮಂದವಾದ ಹಿರಿಯರಿಗೆ ದೊಡ್ಡ ಗುಂಡಿಗಳ ಫೋನ್ ಸುಲಭ. ಮನೆಗೆ ಒಂದು ಸ್ಥಿರವಾದ ನಂಬರು ಇರುತ್ತದೆ. ಮಗ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಹೊರಟರೂ ಮನೆ ಮೂಕವಾಗುವುದಿಲ್ಲ.

ಹಳ್ಳಿಗೆ ದೂರವಾಣಿ ಬಂದ ಬಗೆ

ದೂರವಾಣಿಗೂ ನಮ್ಮ ನಾಡಿಗೂ ಹಳೆಯ ನಂಟು. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಹುಟ್ಟಿತು. ಅದರ ಸುತ್ತಲಿನ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳ ಧೂಳು, ಬಿಸಿಲುಗಳನ್ನು ತಾಳುವ ಸಣ್ಣ ವಿನಿಮಯ ಕೇಂದ್ರವನ್ನು ರೂಪಿಸಿ, 1986ರಲ್ಲಿ ಅದನ್ನು ನಮ್ಮ ಕಿತ್ತೂರಿನಲ್ಲಿಯೇ ನಡೆಸಿ ನೋಡಿತು. ಕಂಬ, ತಂತಿಗಳ ಖರ್ಚು ಉಳಿಸಲೆಂದು ಮದರಾಸಿನ ಐ.ಐ.ಟಿ. ತಜ್ಞರು 1990ರ ದಶಕದಲ್ಲಿ ಕಾರ್‌ಡೆಕ್ಟ್ ಎಂಬ ರೇಡಿಯೋ ದೂರವಾಣಿ ಪದ್ಧತಿಯನ್ನು ಸಿದ್ಧಪಡಿಸಿದರು. ಅದರ ಬುಡದಲ್ಲಿರುವ ಡೆಕ್ಟ್ ಎಂಬ ಪದ್ಧತಿಯೇ ಇಂದಿನ ಮನೆಯ ಕಾರ್ಡ್‌ಲೆಸ್ ಫೋನಿನದೂ.

ಕೊಳ್ಳುವಾಗ ನೋಡಬೇಕಾದದ್ದು

ನಮ್ಮ ದೇಶದಲ್ಲಿ ಮಾರುವ ಡೆಕ್ಟ್ ಫೋನುಗಳು 1880ರಿಂದ 1900 ಮೆಗಾಹರ್ಟ್ಸ್ ಎಂಬ ಅಲೆಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಅಮೆರಿಕದಲ್ಲಿ ಮಾರುವ ಫೋನುಗಳ ಪಟ್ಟಿ 1920ರಿಂದ 1930. ಆ ಪಟ್ಟಿ ನಮ್ಮಲ್ಲಿ ಮೊಬೈಲ್ ಸೇವೆಗೆ ಸೇರಿದ್ದು. ಆದಕಾರಣ ಹೊರದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದ ಅಮೆರಿಕದ ಫೋನನ್ನು ಇಲ್ಲಿ ಬಳಸತಕ್ಕದ್ದಲ್ಲ. ಬಳಸಿದರೆ ಸುತ್ತಲಿನ ಮೊಬೈಲ್ ಟವರಿಗೆ ತೊಂದರೆಯಾಗುತ್ತದೆ. ಒಬ್ಬರ ಮನೆಯ ಫೋನಿನಿಂದ ನೆರೆಹೊರೆಯವರೆಲ್ಲರ ಮೊಬೈಲ್ ಕೆಟ್ಟಂತಾಗಬಾರದು. ಅಲ್ಲಿಯ ಕರೆಂಟು 120 ವೋಲ್ಟು, ನಮ್ಮದು 230 ವೋಲ್ಟು. 120ಕ್ಕೆಂದು ಮಾಡಿದ ಅಡಾಪ್ಟರನ್ನು ನಮ್ಮ ಪ್ಲಗ್ಗಿಗೆ ಸಿಕ್ಕಿಸಿದರೆ ಸುಟ್ಟುಹೋದೀತು.

ಸಂತೆಯಲ್ಲಿ ಅಗ್ಗಕ್ಕೆ ಸಿಗುವ ತೀರ ಹಳೆಯ ಅನಲಾಗ್ ಕಾರ್ಡ್‌ಲೆಸ್ ಫೋನೂ ಬೇಡ. ಅದರಲ್ಲಿ ಆಡಿದ ಮಾತನ್ನು ಹತ್ತಿರದ ಇನ್ನೊಂದು ರೇಡಿಯೋ ಯಂತ್ರದಲ್ಲಿ ಕೇಳಿಸಿಕೊಳ್ಳಬಹುದು. ಡೆಕ್ಟ್ ಫೋನಿನಲ್ಲಿ ಮಾತನ್ನು ಗುಟ್ಟಿನ ಲಿಪಿಯಾಗಿ ಮಾರ್ಪಡಿಸಿ ಕಳಿಸುವ ಏರ್ಪಾಡು ಉಂಟು.

ಎಲ್ಲಿ ಇಡಬೇಕು?

ಬೇಸನ್ನು ಮನೆಯ ನಡುಭಾಗದಲ್ಲಿ, ಎದೆಯೆತ್ತರದ ಗೂಡಿನಲ್ಲೋ ಹಲಗೆಯ ಮೇಲೋ ಇಡಿ. ಕಬ್ಬಿಣದ ಬೀರು, ತಗಡಿನ ಕಣಜಗಳ ಪಕ್ಕ ಇಟ್ಟರೆ ಅಲೆ ತಡೆಯುತ್ತದೆ. ಟಿ.ವಿ., ಮಿಕ್ಸಿಗಳ ಪಕ್ಕ ಇಟ್ಟರೆ ಕರಕರ ಸದ್ದು ಬರಬಹುದು. ಬಚ್ಚಲು, ನೀರಿನ ತೊಟ್ಟಿ, ಒಲೆಗಳಿಂದ ದೂರವಿರಲಿ. ಚನ್ನಗಿರಿ ಕಡೆಯವರು ಅಡಿಕೆ ಬೇಯಿಸುವ ಜಾಗದ ಹಬೆ, ಹೊಗೆ ತಾಗದಂತೆ ನೋಡಿಕೊಳ್ಳಬೇಕು. ಜಗಳೂರು ಕಡೆಯವರು ಧೂಳನ್ನು ಒಣಬಟ್ಟೆಯಿಂದ ಆಗಾಗ ಒರೆಸಬೇಕು. ಒದ್ದೆಬಟ್ಟೆ, ಸೀಮೆಎಣ್ಣೆ ಮುಟ್ಟಿಸಬಾರದು.

ಜೋಡಿಸುವ ಕ್ರಮ

1. ಮೊದಲು ಪೆಟ್ಟಿಗೆಯಲ್ಲಿ ಬಂದ ಸಾಮಾನುಗಳನ್ನು ಎಣಿಸಿ: ಬೇಸ್, ಹ್ಯಾಂಡ್‌ಸೆಟ್, ಅಡಾಪ್ಟರ್, ದೂರವಾಣಿ ತಂತಿ, ಚಾರ್ಜ್ ಆಗುವ ಸೆಲ್ಲುಗಳು, ಕೈಪುಸ್ತಕ.

2. ಹ್ಯಾಂಡ್‌ಸೆಟ್ಟಿನ ಹಿಂದಿನ ಮುಚ್ಚಳ ತೆಗೆದು, ಕೂಡು ಮತ್ತು ಕಳೆ ಗುರುತು ನೋಡಿ ಸೆಲ್ಲು ಹಾಕಿ.

3. ದೂರವಾಣಿ ತಂತಿಯ ಒಂದು ತುದಿಯನ್ನು ಬೇಸಿನ ಲೈನ್ ಎಂಬ ತೂತಿಗೂ ಇನ್ನೊಂದನ್ನು ಗೋಡೆಯ ಪೆಟ್ಟಿಗೆಗೂ ಸಿಕ್ಕಿಸಿ. ಫೈಬರ್ ಸಂಪರ್ಕವಿದ್ದರೆ ಆ ತುದಿ ಫೈಬರ್ ಪೆಟ್ಟಿಗೆಯ ಫೋನ್ ತೂತಿಗೆ ಹೋಗಬೇಕು. ಟಕ್ ಎಂಬ ಸದ್ದಾದರೆ ಕೂತಿತೆಂದು ತಿಳಿಯಿರಿ.

4. ಫೋನಿನೊಡನೆ ಬಂದ ಅಡಾಪ್ಟರನ್ನೇ ಬಳಸಿ. ರೇಡಿಯೋದ್ದೋ ಮೊಬೈಲಿನದ್ದೋ ಹೊಂದಿತೆಂದು ಹಾಕಬೇಡಿ.

5. ಹ್ಯಾಂಡ್‌ಸೆಟ್ಟನ್ನು ಬೇಸಿನ ಮೇಲಿಟ್ಟು ಕೈಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಚಾರ್ಜ್ ಮಾಡಿ. ಮೊದಲ ಸಲ ಸಾಧಾರಣವಾಗಿ 7ರಿಂದ 16 ಗಂಟೆ ಬೇಕಾಗುತ್ತದೆ. ಅವಸರ ಮಾಡಬೇಡಿ.

6. ಗುಂಡಿ ಒತ್ತಿ ಕಿವಿಗೊಡಿ. ಗುಂಯ್ ಎಂಬ ಡಯಲ್ ಸದ್ದು ಬಂದರೆ ಸರಿಯಾಯಿತು. ಬಾರದಿದ್ದರೆ ತಂತಿಯ ಎರಡೂ ತುದಿಗಳನ್ನು ತೆಗೆದು ಮತ್ತೆ ಸಿಕ್ಕಿಸಿ. ಸದ್ದಿದ್ದೂ ಕರೆ ಹೋಗದಿದ್ದರೆ ಡಯಲ್ ವಿಧ ಟೋನ್ ಆಗಿದೆಯೇ ನೋಡಿ.

7. ಎರಡನೆಯ ಹ್ಯಾಂಡ್‌ಸೆಟ್ ತಂದರೆ ಅದನ್ನು ಬೇಸಿಗೆ ಪರಿಚಯಿಸಬೇಕು. ಇದಕ್ಕೆ ರಿಜಿಸ್ಟರ್ ಮಾಡುವುದು ಎನ್ನುತ್ತಾರೆ. ಆಗ ಕೇಳುವ ಪಿನ್ ಬಹಳ ಫೋನುಗಳಲ್ಲಿ 0000 ಇರುತ್ತದೆ. ಕೆಲಸವಾದ ಮೇಲೆ ಅದನ್ನು ಬದಲಿಸಿ.

ಗೋಡೆಯ ಪೆಟ್ಟಿಗೆ ಬಿಚ್ಚಿ ಬರಿಗೈಯಲ್ಲಿ ತಂತಿ ಮುಟ್ಟಬಾರದು. ತಾಮ್ರದ ದೂರವಾಣಿ ತಂತಿಯಲ್ಲಿ ಸುಮ್ಮನಿರುವಾಗ ಸುಮಾರು 48 ವೋಲ್ಟು ಇರುತ್ತದೆ. ಗಂಟೆ ಬಾರಿಸುವಾಗ ಅದು 75 ವೋಲ್ಟಿಗೂ ಮೇಲೇರಬಹುದು. ಒದ್ದೆಗೈಯಾದರೆ ಚುರುಕ್ಕೆನ್ನದೆ ಬಿಡದು.

ಸೆಲ್ಲಿನ ವಿಷಯ

ಹ್ಯಾಂಡ್‌ಸೆಟ್ಟಿನಲ್ಲಿ ಇರುವುದು ಮತ್ತೆ ಮತ್ತೆ ಚಾರ್ಜ್ ಆಗುವ ಸೆಲ್ಲು. ಬಹುಪಾಲು ಫೋನುಗಳಲ್ಲಿ 1.2 ವೋಲ್ಟಿನ ನಿಕೆಲ್ ಸೆಲ್ಲುಗಳು ಎರಡಿರುತ್ತವೆ. ಅವು ಸೋತಾಗ ಗಡಿಯಾರದ ಇಲ್ಲವೆ ಬ್ಯಾಟರಿ ದೀಪದ ಸಾದಾ ಸೆಲ್ಲು ಅದೇ ಗಾತ್ರದ್ದೆಂದು ಹಾಕುವವರುಂಟು. ಹಾಗೆ ಮಾಡಕೂಡದು. ಸಾದಾ ಸೆಲ್ಲಿಗೆ ಚಾರ್ಜ್ ಹೋದರೆ ಅದು ಕಾದು ಸೋರುತ್ತದೆ, ಒಡೆಯಲೂಬಹುದು. ಹಳೆಯ ಸೆಲ್ಲನ್ನು ಒಲೆಗೆ ಎಸೆಯಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಮಕ್ಕಳ ಬಾಯಿಗೆ ಸಿಗದಂತೆ ಎತ್ತಿಡಿ.

ನಂಬರು ಒತ್ತುವ ಬಗೆ

ಮನೆಯ ಫೋನಿನಿಂದ ಮೊಬೈಲಿಗೆ ಮಾಡುವಾಗ ಹತ್ತು ಅಂಕಿಗಳ ಮುಂದೆ ಸೊನ್ನೆ ಒತ್ತಬೇಕು. ಈ ನಿಯಮ 2021ರ ಜನವರಿ 15ರಿಂದ ಜಾರಿಗೆ ಬಂದಿದೆ. ಬೇರೆ ಊರಿನ ಸ್ಥಿರ ಫೋನಿಗೆ ಆ ಊರಿನ ಸಂಕೇತ ಸೇರಿಸಬೇಕು: ಹೊನ್ನಾಳಿಗೆ 08188, ಚನ್ನಗಿರಿಗೆ 08189, ದಾವಣಗೆರೆಗೆ 08192, ಜಗಳೂರಿಗೆ 08196. ತುರ್ತು ನಂಬರುಗಳಿಗೆ ಮಾತ್ರ ಮುಂದೆ ಸೊನ್ನೆ ಬೇಡ.

ಕರೆಂಟು ಹೋದಾಗ

ಇದು ಎಲ್ಲಕ್ಕಿಂತ ಮುಖ್ಯವಾದ ಮಾತು. ಹ್ಯಾಂಡ್‌ಸೆಟ್ಟಿನ ಸೆಲ್ಲು ತುಂಬಿದ್ದರೂ ಬೇಸಿಗೆ ಕರೆಂಟಿಲ್ಲದಿದ್ದರೆ ಫೋನು ಸಾಮಾನ್ಯವಾಗಿ ಕೆಲಸ ಮಾಡದು. ಕೊಡ ಗಟ್ಟಿಯಾಗಿದ್ದರೇನು, ಬಾವಿಯಲ್ಲಿ ನೀರು ಬೇಡವೇ?

ತಾಮ್ರದ ತಂತಿ ಇರುವ ಮನೆಗೆ ಪರಿಹಾರ ಸುಲಭ. ತಂತಿಯುಳ್ಳ ಹಳೆಯ ಸಾದಾ ಫೋನನ್ನು ಎಸೆಯಬೇಡಿ. ಕವಲು ಪ್ಲಗ್ ಹಾಕಿ ಅದನ್ನೂ ಅದೇ ಲೈನಿಗೆ ಸೇರಿಸಿಡಿ. ಅದಕ್ಕೆ ಬೇಕಾದ ವಿದ್ಯುತ್ತು ವಿನಿಮಯ ಕೇಂದ್ರದಿಂದ ತಂತಿಯಲ್ಲೇ ಬರುತ್ತದೆ; ಮನೆ ಕತ್ತಲಾದರೂ ಅದು ಮಾತನಾಡುತ್ತದೆ.

ಫೈಬರ್ ಇರುವ ಮನೆಯ ಸಂಗತಿ ಬೇರೆ. ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ತು ಹರಿಯದು. ಕರೆಂಟು ಹೋದರೆ ಫೈಬರ್ ಪೆಟ್ಟಿಗೆಯೇ ಆರಿಹೋಗಿ ಸಾದಾ ಫೋನೂ ನಿಲ್ಲುತ್ತದೆ. ಇಂಥ ಮನೆಯವರು ಆ ಪೆಟ್ಟಿಗೆಗೆ ಸಣ್ಣ ಯು.ಪಿ.ಎಸ್. ಇಟ್ಟುಕೊಳ್ಳಬೇಕು. ಪೆಟ್ಟಿಗೆಯ ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಆಂಪಿಯರ್ ನೋಡಿ ಅದಕ್ಕೆ ಹೊಂದುವುದನ್ನೇ ತನ್ನಿ. ಪೆಟ್ಟಿಗೆಗೆ ಯು.ಪಿ.ಎಸ್. ಇದ್ದು ಸಾದಾ ಫೋನ್ ಜೋಡಿಸಿದ್ದರೆ ಸಾಕು. ಕಾರ್ಡ್‌ಲೆಸ್ಸೂ ನಡೆಯಬೇಕೆಂದರೆ ಅದರ ಬೇಸಿಗೂ ಇನ್‌ವರ್ಟರ್ ಬೇಕು.

ಗುಡುಗು ಸಿಡಿಲಿನ ಹೊತ್ತು

ಮುಂಗಾರಿನ ಮುಂಚೆ, ಏಪ್ರಿಲ್ ಮೇ ತಿಂಗಳುಗಳಲ್ಲಿ, ಸಿಡಿಲಿನ ಭಯ ಹೆಚ್ಚು. ಮೋಡ ಕವಿದು ದೂರದಲ್ಲಿ ಗುಡುಗು ಕೇಳಿಸಿದೊಡನೆ ಬೇಸಿನ ಕರೆಂಟಿನ ಪ್ಲಗ್ಗನ್ನೂ ದೂರವಾಣಿ ತಂತಿಯನ್ನೂ, ಎರಡನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ಆಗಲೇ ಹತ್ತಿರ ಹೊಡೆಯುತ್ತಿದ್ದರೆ ಕೀಳಲು ಹೋಗಬೇಡಿ, ತಂತಿಗಳನ್ನು ಮುಟ್ಟಲೂ ಬೇಡಿ. ಯಂತ್ರ ಹೋದರೆ ಮತ್ತೊಂದು ತರಬಹುದು.

ತಂತಿಯುಳ್ಳ ಫೋನಿನಲ್ಲಿ ಆ ಹೊತ್ತು ಮಾತನಾಡುವುದು ಅಪಾಯ, ಏಕೆಂದರೆ ಸಿಡಿಲಿನ ವಿದ್ಯುತ್ತು ತಂತಿಗುಂಟ ಕಿವಿಯವರೆಗೂ ಬರಬಲ್ಲದು. ಬೇಸಿನಿಂದ ದೂರ ಕುಳಿತು ಹ್ಯಾಂಡ್‌ಸೆಟ್ಟಿನಲ್ಲಿಯೋ ಮೊಬೈಲಿನಲ್ಲಿಯೋ ಮಾತನಾಡಿದರೆ ಆ ಭಯವಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ತಂತಿಗಳನ್ನು ಮತ್ತೆ ಜೋಡಿಸಿ. ಮರೆತರೆ ಫೋನು ಸತ್ತಂತೆಯೇ!

ದೇಹಕ್ಕೆ ತೊಂದರೆಯುಂಟೇ?

ಹಲವರು ಕೇಳುವ ಪ್ರಶ್ನೆ ಇದು. ಮಾತನಾಡುವಾಗ ಡೆಕ್ಟ್ ಹ್ಯಾಂಡ್‌ಸೆಟ್ಟಿನಿಂದ ಹೊರಡುವ ರೇಡಿಯೋ ಶಕ್ತಿ ಸರಾಸರಿ 10 ಮಿಲಿವಾಟ್ ಮಾತ್ರ. ಇದು ಬಹಳ ಅಲ್ಪ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮಾತ್ರ ಹ್ಯಾಂಡ್‌ಸೆಟ್ಟನ್ನು ಎದೆಯ ಜೇಬಿನಲ್ಲಿ ಇಡದಿರುವುದು ಒಳ್ಳೆಯದು. ಗಂಟೆ ಬಾರಿಸುವಾಗ ಕಿವಿಗೆ ಹಿಡಿಯಬೇಡಿ. ಗುಂಡಿ ಒತ್ತಿ, ಸದ್ದು ನಿಂತ ಮೇಲೆ ಕಿವಿಗಿಡಿ.

ಮೋಸದ ಕರೆಗಳು

ಯಂತ್ರ ಭದ್ರವಾಗಿದ್ದರೂ ಮಾತು ಭದ್ರವಾಗಿರಬೇಕು. ಬ್ಯಾಂಕಿನವರೆಂದು ಹೇಳಿ ಒ.ಟಿ.ಪಿ., ಪಿನ್ ಕೇಳುವವರಿಗೆ ಏನನ್ನೂ ಹೇಳಬೇಡಿ. ಪೊಲೀಸರೆಂದು ಹೆದರಿಸಿ, ಫೋನಿನಲ್ಲೇ ಬಂಧಿಸಿದ್ದೇವೆ, ದುಡ್ಡು ಕಳಿಸಿ ಎನ್ನುವವರೂ ಉಂಟು. ಫೋನಿನ ಮೂಲಕ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಇದನ್ನು ಕೂರಿಸಿಕೊಂಡು ತಿಳಿಸಿ: “ಅವ್ವಾ, ದುಡ್ಡಿನ ಮಾತು ಬಂದರೆ ಫೋನ್ ಇಟ್ಟುಬಿಡು, ನನಗೆ ಹೇಳು.” ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಬೇಕು.

ಫೋನಿನ ಪಕ್ಕ ಬರೆದಿಡಿ

ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದು ಗೋಡೆಗೆ ಅಂಟಿಸಿ:

ಪೊಲೀಸ್, ಬೆಂಕಿ, ಯಾವುದೇ ತುರ್ತು: 112
ಆಂಬುಲೆನ್ಸ್: 108
ವಿದ್ಯುತ್ ದೂರು: 1912
ಹಣದ ಮೋಸ: 1930
ಕಿಸಾನ್ ಕಾಲ್ ಸೆಂಟರ್: 1800-180-1551

ಕಿಸಾನ್ ಕಾಲ್ ಸೆಂಟರ್ 2004ರಲ್ಲಿ ಆರಂಭವಾದದ್ದು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಬೆಳೆ, ರೋಗ, ಗೊಬ್ಬರಗಳ ಬಗ್ಗೆ ಕನ್ನಡದಲ್ಲಿಯೇ ಕೇಳಬಹುದು, ಕರೆಗೆ ಖರ್ಚಿಲ್ಲ.

ಅದೇ ರಟ್ಟಿನ ಕೆಳಗೆ ನಿಮ್ಮ ಮನೆಯ ಗುರುತನ್ನೂ ಬರೆಯಿರಿ: ಊರು, ಗ್ರಾಮ ಪಂಚಾಯಿತಿ, ತಾಲ್ಲೂಕು, ಹತ್ತಿರದ ಗುಡಿ ಅಥವಾ ಶಾಲೆ. ಗಾಬರಿಯಲ್ಲಿ ತನ್ನ ಊರಿನ ಹೆಸರೂ ಬಾಯಿಗೆ ಬರುವುದಿಲ್ಲ. ಹಾವು ಕಚ್ಚಿದವರನ್ನು ಅಲುಗಾಡಿಸದೆ ಮಲಗಿಸಿ, ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಮೊದಲು 108ಕ್ಕೆ ಕರೆ ಮಾಡಬೇಕೆಂಬುದನ್ನೂ ಅಲ್ಲೇ ಬರೆದಿಟ್ಟರೆ ಲೇಸು.

ಕೊನೆಯದಾಗಿ

ಈ ವಾರ ಒಂದು ಸಂಜೆ ಹೀಗೆ ಮಾಡಿ ನೋಡಿ. ಮನೆಮಂದಿಯನ್ನೆಲ್ಲ ಸೇರಿಸಿ ಮೇನ್ ಸ್ವಿಚ್ ಆರಿಸಿ. ಆ ಕತ್ತಲಲ್ಲಿ ಅಜ್ಜಿಯ ಕೈಗೆ ಫೋನು ಕೊಟ್ಟು, ಪಕ್ಕದ ಊರಿನ ನೆಂಟರ ಮನೆಗೆ ಕರೆ ಮಾಡಿಸಿ. ಕರೆ ಹೋದರೆ ನಿಮ್ಮ ಏರ್ಪಾಡು ಸರಿಯಾಗಿದೆ. ಹೋಗದಿದ್ದರೆ ಏನು ಕೊರತೆಯೆಂಬುದು ಅಂದೇ ತಿಳಿಯುತ್ತದೆ, ಮರುದಿನ ಸರಿಪಡಿಸಿಕೊಳ್ಳಬಹುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ಹಾವು ಕಚ್ಚಿದ ರಾತ್ರಿ ಫೋನು ಪರೀಕ್ಷೆ ಮಾಡುವುದೂ ಹಾಗೆಯೇ.