ನಾಲ್ಕು ಗೆರೆಯಲ್ಲಿ ಒಂದು ತವರುಮನೆ

"ಇದೇನ್ರೀ, ಬರೀ ನಾಲ್ಕು ಗೆರೆ! ನಮ್ಮನೆ ಹುಡುಗ ಸ್ಕೇಲು ಇಟ್ಕೊಂಡು ಇದಕ್ಕಿಂತ ನೀಟಾಗಿ ಎಳೀತಾನೆ."

ಜರೀನಾ ಅವರ ಅಚ್ಚುಚಿತ್ರದ ಮುಂದೆ ನಿಂತವರಿಗೆ ಮೊದಲು ಹೀಗನ್ನಿಸಿದರೆ ತಪ್ಪೇನಿಲ್ಲ. ಹೂವಿಲ್ಲ, ಮುಖವಿಲ್ಲ, ಬಣ್ಣದ ಸಡಗರವಿಲ್ಲ. ಕಾಗದದ ನಡುವೆ ಕಪ್ಪು ಗೆರೆ, ಕಪ್ಪು ಚೌಕ, ಅಷ್ಟೇ. ಆದರೆ ಆ ಗೆರೆಗಳ ಹಿಂದೆ ಕೈತಪ್ಪಿ ಹೋದ ಮನೆಯೊಂದಿದೆ.

ಜರೀನಾ ಹಶ್ಮಿ ಹುಟ್ಟಿದ್ದು 1937ರಲ್ಲಿ, ಅಲಿಗಢದಲ್ಲಿ. ತಂದೆ ಅಲ್ಲಿನ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಮೇಷ್ಟ್ರು. ಮಗಳು ಅಲ್ಲಿ ಓದಿದ್ದು ಚಿತ್ರಕಲೆಯಲ್ಲ, ಗಣಿತ. ಕೈಹಿಡಿದದ್ದು ವಿದೇಶಾಂಗ ಸೇವೆಯ ಅಧಿಕಾರಿಯನ್ನು. ಅಲ್ಲಿಂದ ಶುರುವಾಯ್ತು ಊರೂರು ಅಲೆದಾಟ. ಪ್ಯಾರಿಸ್ಸಿನಲ್ಲಿ ಹೇಟರ್ ಅವರ ಅಚ್ಚುಶಾಲೆಯಲ್ಲಿ ಕೈ ಪಳಗಿತು. 1974ರಲ್ಲಿ ಟೋಕಿಯೋದಲ್ಲಿ ಮರದಚ್ಚಿನ ವಿದ್ಯೆ ಕಲಿತರು. ಕೊನೆಗೆ ನೆಲೆ ನಿಂತದ್ದು ನ್ಯೂಯಾರ್ಕಿನಲ್ಲಿ.

ಈ ಮಧ್ಯೆ ತಂದೆ-ತಾಯಿ ಪಾಕಿಸ್ತಾನಕ್ಕೆ ಹೊರಟುಹೋದರು. ತವರಿಗೆ ಹೋಗಿ ಬರ್ತೀನಿ ಅನ್ನೋದಕ್ಕೆ ತವರೂರಲ್ಲಿ ತವರೇ ಉಳಿಯಲಿಲ್ಲ.

ಮಾತಿಗೊಂದು ಗೆರೆ

1999ರಲ್ಲಿ ಜರೀನಾ ಒಂದು ಚಿತ್ರಸರಣಿ ಮಾಡಿದರು. ಹೆಸರು 'ಹೋಮ್ ಈಸ್ ಎ ಫಾರಿನ್ ಪ್ಲೇಸ್', ಅಂದರೆ ಮನೆಯೇ ಪರದೇಶ. ಒಟ್ಟು 36 ಮರದಚ್ಚು. ಮನೆ ಅಂದಾಗ ನೆನಪಾಗುವ ಉರ್ದು ಮಾತುಗಳ ಪಟ್ಟಿ ಮಾಡಿ, ಪಾಕಿಸ್ತಾನದ ಲಿಪಿಕಾರರಿಂದ ಬರೆಸಿ ತರಿಸಿಕೊಂಡರು. ಹೊಸ್ತಿಲು, ಬಾಗಿಲು, ಅಂಗಳ, ಗಡಿ, ಭಾಷೆ, ಹೀಗೆ. ಒಂದೊಂದು ಮಾತಿಗೂ ಒಂದೊಂದು ಆಕಾರ. 'ಘರ್' ಅನ್ನುವ ಮೊದಲ ಚಿತ್ರದಲ್ಲಿರುವುದು ಮನೆಯ ನಕ್ಷೆ. ಥೇಟ್ ಮುನಿಸಿಪಾಲಿಟಿಗೆ ಕೊಡುವ ಪ್ಲಾನಿನ ಹಾಗೆ!

ಇದು ಪೆನ್ಸಿಲಿನಲ್ಲಿ ಸರ್ರನೆ ಎಳೆದ ಗೆರೆಯಲ್ಲ. ಮರದಚ್ಚಿನಲ್ಲಿ ಕೆತ್ತಿ ತೆಗೆದ ಜಾಗ ಬಿಳಿ, ಉಳಿಸಿದ ಜಾಗ ಕಪ್ಪು. ಒಂದು ಕಪ್ಪು ಗೆರೆ ಬೇಕಾದರೆ ಸುತ್ತಲಿನ ಮರವನ್ನೆಲ್ಲ ಉಳಿಯಿಂದ ಕೆತ್ತಬೇಕು.

2001ರಲ್ಲಿ ಅವರು ಮಾಡಿದ 'ಡಿವೈಡಿಂಗ್ ಲೈನ್' ನೋಡಿ. ಅದು ಭಾರತ-ಪಾಕಿಸ್ತಾನದ ಗಡಿಗೆರೆ. 1947ರ ಜುಲೈನಲ್ಲಿ ಮೊದಲ ಸಲ ಈ ನೆಲಕ್ಕೆ ಕಾಲಿಟ್ಟ ರಾಡ್‌ಕ್ಲಿಫ್ ಸಾಹೇಬರು ಐದೇ ವಾರದಲ್ಲಿ ಆ ಗಡಿ ಎಳೆದು ಮುಗಿಸಿದರು. ಜರೀನಾ ಮಾತ್ರ ಎರಡೂ ಕಡೆಯ ನೆಲವನ್ನು ಚೂರುಚೂರೇ ಕೆತ್ತಿ ಆ ಗೆರೆಯನ್ನು ಉಳಿಸಬೇಕಾಯಿತು.

ಇಪ್ಪತ್ತೈದಕ್ಕೇ ಯಾಕೆ ನಿಲ್ಲಿಸಿದರು?

36 ಚಿತ್ರಗಳ ಆ ಕಟ್ಟನ್ನು ಅಚ್ಚು ಹಾಕಿದ್ದು 25 ಪ್ರತಿ ಮಾತ್ರ. ನಮ್ಮ ಅಚ್ಚುಕೂಟದಲ್ಲಿ ಲಗ್ನಪತ್ರಿಕೆ ಸಾಲದೇ ಬಂದರೆ ಇನ್ನೈವತ್ತು ಹೊಡೆದುಕೊಡಿ ಅಂತೀವಿ. ಇಲ್ಲಿ ಆ ಮಾತೇ ಇಲ್ಲ. ಎಷ್ಟು ಪ್ರತಿ ಅಂತ ಮೊದಲೇ ನಿಗದಿ. ಇಂಥ ಚಿತ್ರಗಳ ಕೆಳಗೆ 7/25 ಅಂತ ಪೆನ್ಸಿಲಿನಲ್ಲಿ ಬರೆದು ಕಲಾವಿದರು ರುಜು ಹಾಕುವುದು ವಾಡಿಕೆ. ಇಪ್ಪತ್ತೈದರಲ್ಲಿ ಇದು ಏಳನೆಯದು ಅಂತ ಅರ್ಥ. ಏಳನೆಯದೂ ಅಸಲೇ, ಇಪ್ಪತ್ತೈದನೆಯದೂ ಅಸಲೇ. ಕಡಿಮೆ ಇದ್ದಷ್ಟೂ ಬೆಲೆ ಜಾಸ್ತಿ ಅನ್ನುವ ವ್ಯಾಪಾರದ ಲೆಕ್ಕವೂ ಇದರಲ್ಲಿದೆ, ಸುಳ್ಳಲ್ಲ. ಆದರೆ ಒಂದೇ ಚಿತ್ರವಾಗಿದ್ದರೆ ಒಂದೇ ಗೋಡೆ ಸೇರುತ್ತಿತ್ತು. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲೂ ಒಂದು ಪ್ರತಿ ಇದೆ, ಅದೇ ಊರಿನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಇದೆ.

ಜರೀನಾ 2020ರ ಏಪ್ರಿಲ್ 25ರಂದು ಲಂಡನ್ನಿನಲ್ಲಿ ತೀರಿಕೊಂಡರು. ಹುಟ್ಟಿದ ಮನೆಗೆ ವಾಪಸು ಹೋಗುವ ದಾರಿ ಅವರಿಗೆ ಸಿಗಲಿಲ್ಲ. ನಕ್ಷೆ ಮಾತ್ರ ಉಳಿಯಿತು.

ಮಾರಿಹೋದ ಮನೆಯಲ್ಲಿ ಬಾಗಿಲು ಯಾವ ಕಡೆ ಇತ್ತು, ನೀರೊಲೆ ಎಲ್ಲಿತ್ತು ಅಂತ ಕಣ್ಣುಮುಚ್ಚಿ ಹೇಳಬಲ್ಲವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅಂಥವರಿಗೆ ಈ ನಾಲ್ಕು ಗೆರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.