ತುಂಬು ಬಿಡಿಸುವ ಕೈಗಳು, ಲೆಕ್ಕ ಬರೆಯುವ ಕೈಗಳು

ಸಂಕ್ರಾಂತಿ ಕಳೆದ ಮೇಲೆ ಸೋಮವಾರವೋ ಗುರುವಾರವೋ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರು, ಗದಗ, ಬಳ್ಳಾರಿ, ರಾಯಚೂರು ಸೀಮೆಗಳಿಂದಲೂ ಆಂಧ್ರದ ಕಡೆಯಿಂದಲೂ ಬಂದಿಳಿದ ಚೀಲಗಳ ಕೊನೆಯಿಲ್ಲದ ಸಾಲುಗಳನ್ನು, ಟೆಂಡರು ಬರೆಯುವುದಕ್ಕೆ ಮುನ್ನ ಕಾಯಿಯನ್ನು ಅಂಗೈಯಲ್ಲಿ ಮುರಿದು ನೋಡುವ ಖರೀದಿದಾರರನ್ನು, ದಲಾಲಿ ಅಂಗಡಿಗಳ ಗದ್ದಲವನ್ನು ಕಂಡು ಬೆರಗಾಗುವುದು ಸಹಜವೇ ಆಗಿದೆ. ಆದರೆ ಆ ಗದ್ದಲದಿಂದ ತುಸು ದೂರ ಸರಿದು ಗೋದಾಮುಗಳ ಒಳಹೊಕ್ಕವರಿಗೆ ಮಾತ್ರ ಈ ವ್ಯಾಪಾರದ ಇನ್ನೊಂದು ಮುಖ ಕಾಣಬರುತ್ತದೆ. ಅಲ್ಲಿ ಕೆಂಪು ರಾಶಿಗಳ ಸುತ್ತ ನೆಲದ ಮೇಲೆ ಕುಳಿತು, ಸೆರಗನ್ನು ಮೂಗುಬಾಯಿಗಳಿಗೆ ಬಿಗಿದು, ಒಂದೊಂದೇ ಕಾಯನ್ನೆತ್ತಿ ಅದರ ತುಂಬನ್ನು, ಎಂದರೆ ತೊಟ್ಟನ್ನು, ಮುರಿದು ಕಾಯನ್ನೊಂದು ಕಡೆಗೂ ತುಂಬನ್ನೊಂದು ಕಡೆಗೂ ಎಸೆಯುತ್ತಿರುವವರು ಬಹುಮಟ್ಟಿಗೆ ಹೆಂಗಸರು. ಕೂಲಿ ತೂಕದ ಮೇಲೆ. ಕೈಯುರಿ ಮಾತ್ರ ಯಾವ ತೂಕಕ್ಕೂ ಸಿಕ್ಕುವುದಿಲ್ಲ, ಮನೆಗೆ ಹೋಗಿ ಮಗುವನ್ನೆತ್ತಿಕೊಳ್ಳಬೇಕಾದಾಗಲೂ ಅದು ಜೊತೆಯಲ್ಲಿಯೇ ಇರುತ್ತದೆ.

ಈ ಹೆಂಗಸರನ್ನು ಕೇವಲ ಕೂಲಿಕಾರರೆಂದು ಎಣಿಸುವವರು ಅವರ ಕಣ್ಣಿನ ವಿದ್ಯೆಯನ್ನು ಗಮನಿಸಿದವರಲ್ಲ. ಗಿಡ್ಡವಾಗಿ ದುಂಡಗೆ ಸುಕ್ಕುಗಟ್ಟಿದ ಡಬ್ಬಿಗೂ ಉದ್ದನೆಯ ತೆಳುವಾದ ಕಡ್ಡಿಗೂ ಇರತಕ್ಕ ಭೇದವನ್ನು ಅವರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಬಿಳಿಚಿದ ಕಾಯಿ ಯಾವುದು, ನೀರು ಹೊಡೆದು ತೂಕ ಹೆಚ್ಚಿಸಿದ ಕಾಯಿ ಯಾವುದು ಎಂಬುದನ್ನು ಅವರ ಬೆರಳೇ ಹೇಳಬಲ್ಲುದು. ಖಾರ ಕಡಿಮೆ, ಬಣ್ಣ ಅಧಿಕ ಎಂಬ ಗುಣದಿಂದ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನು ಪಡೆದು, ಅಡುಗೆಮನೆಯಿಂದ ಹಿಡಿದು ತುಟಿರಂಗಿನ ಕಾರಖಾನೆಯವರೆಗೂ ತನ್ನ ವರ್ಣಸಾರವನ್ನು ಕಳುಹಿಸುತ್ತಿರುವ ಈ ಕಾಯಿಯ ಗುಣದೋಷಗಳ ವಿವೇಚನೆಯಲ್ಲಿ ಅವರಿಗೆ ಸಮನಾದವರು ವಿರಳ.

ರಾಣೇಬೆನ್ನೂರಿನ ಸುತ್ತಲಿನ ಹೊಲಗಳಲ್ಲಿಯೂ ಇಂಥದೇ ವಿದ್ಯೆಯೊಂದಿದೆ. ಟೊಮೆಟೊ, ಮೆಣಸು ಮುಂತಾದ ತರಕಾರಿಗಳ ಸಂಕರಬೀಜವನ್ನು ಬೆಳೆಯುವುದರಲ್ಲಿ ಈ ತಾಲ್ಲೂಕು ದೇಶದಲ್ಲಿಯೇ ಹೆಸರಾದುದು. ಅರಳುವ ಮುನ್ನಾದಿನ ಮೊಗ್ಗನ್ನು ಚಿಮುಟದಿಂದ ಬಿಡಿಸಿ ಕೇಸರಗಳನ್ನು ತೆಗೆಯುವುದು, ಮರುದಿನ ಮುಂಜಾನೆ ಗಂಡು ಗಿಡದ ಪರಾಗವನ್ನು ಶಲಾಕಾಗ್ರಕ್ಕೆ ಮುಟ್ಟಿಸುವುದು, ಮುಟ್ಟಿಸಿದ ಗುರುತಿಗಾಗಿ ಪುಷ್ಪಪತ್ರದ ಒಂದೆರಡು ಎಸಳುಗಳನ್ನು ಚಿವುಟುವುದು, ಇವೆಲ್ಲವೂ ಹೆಂಗಸರ ಕೈಗಳಿಂದಲೇ ಆಗತಕ್ಕ ಕಾರ್ಯ. ಹೊಲದವರು ಇದನ್ನು ಸಂಕ್ಷೇಪವಾಗಿ ಕ್ರಾಸಿಂಗ್ ಎಂದು ಕರೆಯುತ್ತಾರೆ. 1972ರಲ್ಲಿ ಧಾರವಾಡದಲ್ಲಿ ಡಾ. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ರೂಪಿಸಿದಂದಿನಿಂದಲೂ ಈ ಸೀಮೆಯ ಸ್ತ್ರೀಯರ ಬೆರಳುಗಳಿಗೆ ಈ ಸೂಕ್ಷ್ಮ ಕರ್ಮ ಪರಿಚಿತವಾಗಿದೆ. ಒಂದು ಮೊಗ್ಗಿನಲ್ಲಿ ಒಂದು ಕೇಸರ ಉಳಿದರೂ ಬೀಜದ ಶುದ್ಧಿ ಕೆಡುವುದೆಂಬುದನ್ನು ಬಲ್ಲ ಆ ಹೆಂಗಸಿಗೆ, ಅದೇ ಬೀಜದ ಪೊಟ್ಟಣ ಪೇಟೆಯಲ್ಲಿ ಯಾವ ಬೆಲೆಗೆ ಹೋಗುವುದೆಂಬುದನ್ನು ತಿಳಿಯುವ ಅವಕಾಶ ಬಂದುದು ಅಪರೂಪ.

ಇನ್ನು ಹಾವೇರಿಯದು ಏಲಕ್ಕಿಯ ಕಥೆ. ಏಲಕ್ಕಿ ಬೆಳೆಯದ ಊರು ಏಲಕ್ಕಿಯ ಹೆಸರಿನಿಂದ ಪ್ರಸಿದ್ಧವಾದುದು ವಿಚಿತ್ರವಾಗಿ ತೋರಬಹುದಾದರೂ, ಉತ್ತರ ಕನ್ನಡ ಜಿಲ್ಲೆಯ ಘಟ್ಟದ ತೋಟಗಳಿಂದ ಬಂದ ಕಾಯನ್ನು ಇಲ್ಲಿಯ ಬಾವಿಯ ನೀರಿನಲ್ಲಿ ಅಂಟುವಾಳದೊಡನೆ ತೊಳೆದು ಬಿಳುಪೇರಿಸುತ್ತಿದ್ದ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಆಂಗ್ಲ ಗ್ರಂಥಗಳಲ್ಲಿಯೂ ನಮೂದಾಗಿದೆ. ಆ ವ್ಯಾಪಾರ ಇಳಿದ ಮೇಲೆ ಉಳಿದುದು ಪಟವೇಗಾರ ಮನೆತನದವರ ಏಲಕ್ಕಿ ಹಾರ. 2023ರ ಜನವರಿಯಲ್ಲಿ ಈ ಊರಿನಲ್ಲಿ ನೆರೆದ 86ನೆಯ ಸಾಹಿತ್ಯ ಸಮ್ಮೇಳನದ ದಿನಗಳಲ್ಲಿ ನಾಡಿನ ಕಣ್ಣಿಗೆ ಮತ್ತೊಮ್ಮೆ ಬಿದ್ದ ಈ ಹಾರ, ಏಲಕ್ಕಿಯನ್ನು ಜರಿಯೊಡನೆ ಮಣಿಯೊಡನೆ ಎಳೆಯೆಳೆಯಾಗಿ ಪೋಣಿಸುವ ಮನೆಮಂದಿಯ ತಾಳ್ಮೆಯ ಫಲ.

ಹೀಗೆ ಬಣ್ಣ, ಬೀಜ, ಪರಿಮಳ ಈ ಮೂರರ ವಿದ್ಯೆಯೂ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಎಂಬ ಈ ಒಂದೇ ಜಿಲ್ಲೆಯ ಸ್ತ್ರೀಯರ ಕೈಯಲ್ಲಿರಲಾಗಿ, ಅವರಲ್ಲಿ ಉದ್ಯಮಿಗಳು ಏಕೆ ಕಡಿಮೆ ಎಂಬ ಪ್ರಶ್ನೆ ಯಾರನ್ನಾದರೂ ಕಾಡಬೇಕು. ಬಂಡವಾಳವಿಲ್ಲವೆಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಮನೆ ಹೊಲಗಳು ಗಂಡಸರ ಹೆಸರಿನಲ್ಲಿದ್ದು, ಆಸ್ತಿಯ ಉತಾರ ತರಲಾರದವಳಿಗೆ ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆಯುವುದಿಲ್ಲವೆಂಬುದೂ ನಿಜವೇ. ಆದರೆ ನನ್ನ ಮಟ್ಟಿಗೆ ಇದು ಅರ್ಧ ಉತ್ತರ. ಕೂಲಿಯವಳನ್ನು ಉದ್ಯಮಿಯಿಂದ ಬೇರ್ಪಡಿಸತಕ್ಕದ್ದು ಹಣಕ್ಕಿಂತ ಹೆಚ್ಚಾಗಿ ಏಕಾಂತ. ಬೆಲೆಯ ವಿಚಾರ ಯಾರೊಡನೆ ಆಡಬೇಕು, ಸೋತಾಗ ಯಾರನ್ನು ಕೇಳಬೇಕು, ಪರವಾನಗಿಯ ಅರ್ಜಿಯನ್ನು ಯಾರ ಕೈಯಿಂದ ಬರೆಸಬೇಕು ಎಂಬುದು ತಿಳಿಯದಿರುವ ಏಕಾಂತ ಅದು.

ಈ ಏಕಾಂತವನ್ನು ಮುರಿಯುವ ಯತ್ನ ನಮ್ಮ ಸೀಮೆಗೆ ಹೊಸದಲ್ಲ. 1928ರಲ್ಲಿ ಭಾಗೀರಥಿಬಾಯಿ ಪುರಾಣಿಕರು ಧಾರವಾಡದಲ್ಲಿ ಸ್ಥಾಪಿಸಿದ ವನಿತಾ ಸೇವಾ ಸಮಾಜವು, ವಿಧವೆಯರಿಗೂ ಅನಾಥೆಯರಿಗೂ ಅಕ್ಷರದೊಡನೆ ಕೈಕಸುಬನ್ನೂ ಕಲಿಸಿ ಅವರನ್ನು ಸ್ವಾವಲಂಬನದ ದಾರಿಗೆ ತಂದುದು ಆ ಕಾಲದಲ್ಲಿ ಸಾಮಾನ್ಯ ಧೈರ್ಯದ ಕಾರ್ಯವಾಗಿರಲಿಲ್ಲ. ಹೀಗೆ ಮನೆಯಿಂದ ಹೊರಬಂದು ಸೇವಾಕಾರ್ಯಕ್ಕೆ ಕೈಹಾಕಿದ ಸ್ತ್ರೀಯರು ಈ ಜಿಲ್ಲೆಯಲ್ಲಿಯೂ ಇದ್ದರು. ಬ್ಯಾಡಗಿ ತಾಲ್ಲೂಕಿನ ಮೋಟೇಬೆನ್ನೂರಿನವರಾದ ಮೈಲಾರ ಮಹಾದೇವಪ್ಪನವರು ದಂಡಿಯ ಯಾತ್ರೆಯಲ್ಲಿ ನಡೆದುದನ್ನೂ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಹುತಾತ್ಮರಾದುದನ್ನೂ ಜಿಲ್ಲೆಯ ಮಕ್ಕಳೆಲ್ಲ ಓದುತ್ತಾರೆ. ಅವರ ಪತ್ನಿ ಸಿದ್ದಮ್ಮನವರೂ ಸಾಬರಮತಿಯ ಆಶ್ರಮವಾಸವನ್ನು ಕಂಡವರು, ಕೊರಡೂರಿನ ಸೇವಾಶ್ರಮದ ಕಾರ್ಯದಲ್ಲಿ ಪತಿಗೆ ಸಮಭಾಗಿಗಳಾದವರು ಎಂಬುದನ್ನು ಅಷ್ಟೇ ಗೌರವದಿಂದ ಹೇಳುವುದು ಕಡಿಮೆಯಾಗಿದೆ, ಆಗಬಾರದಾಗಿತ್ತು.

ಇಂದಿನ ಸ್ವಸಹಾಯ ಸಂಘದ ಮೂಲವೂ ಕರ್ನಾಟಕದ ಮಣ್ಣಿನಲ್ಲಿಯೇ ಇದೆ. 1980ರ ದಶಕದಲ್ಲಿ ಮೈರಾಡ ಸಂಸ್ಥೆಯು ನಮ್ಮ ಹಳ್ಳಿಗಳಲ್ಲಿ ಬೆಳೆಸಿದ ಸಣ್ಣ ಸಣ್ಣ ಗುಂಪುಗಳ ಅನುಭವದಿಂದ ಪಾಠ ಕಲಿತು ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 2000-01ರಲ್ಲಿ ರಾಜ್ಯ ಸರಕಾರದ ಸ್ತ್ರೀಶಕ್ತಿ ಯೋಜನೆ ಬಂದಿತು. ಆಮೇಲೆ ಸಂಜೀವಿನಿ ಯೋಜನೆಯ ಒಕ್ಕೂಟಗಳು ಗ್ರಾಮಪಂಚಾಯಿತಿಯ ಮಟ್ಟದಲ್ಲಿ ಸಂಘಗಳನ್ನು ಒಂದುಗೂಡಿಸಿದವು. ಈ ಇತಿಹಾಸಕ್ಕಿಂತಲೂ ಹೆಚ್ಚು ಗಮನಾರ್ಹವಾದುದು ಸಂಘದ ಒಂದು ಸಂಜೆ.

ಹದಿನೈದಿಪ್ಪತ್ತು ಮಂದಿ ದೇವಸ್ಥಾನದ ಕಟ್ಟೆಯ ಮೇಲೋ ಅಂಗನವಾಡಿಯಲ್ಲೋ ಕೂಡುತ್ತಾರೆ. ವಾರದ ಉಳಿತಾಯ ಕೈಯಿಂದ ಕೈಗೆ ಬಂದು ನಡುವೆ ಹಾಸಿದ ಬಟ್ಟೆಯ ಮೇಲೆ ಎಲ್ಲರ ಕಣ್ಣೆದುರಿಗೆ ಎಣಿಕೆಯಾಗುತ್ತದೆ. ಅದನ್ನು ಒಬ್ಬಳು ಪುಸ್ತಕದಲ್ಲಿ ಬರೆದು ಗಟ್ಟಿಯಾಗಿ ಓದುತ್ತಾಳೆ. ಸಾಲ ಬೇಡುವವಳು ಎದ್ದುನಿಂತು ಕಾರಣ ಹೇಳಬೇಕು. ಉಳಿದವರು ಪ್ರಶ್ನೆ ಕೇಳುತ್ತಾರೆ. ಒಪ್ಪಿಗೆಯಾದರೆ ನಡಾವಳಿ ಪುಸ್ತಕದಲ್ಲಿ ಠರಾವು ಏರುತ್ತದೆ, ಎಲ್ಲರ ಸಹಿ ಬೀಳುತ್ತದೆ. ಹೆಬ್ಬೆಟ್ಟಿನಿಂದ ಆರಂಭಿಸಿದ ಎಷ್ಟೋ ಮಂದಿ ಈ ಪುಸ್ತಕಕ್ಕಾಗಿಯೇ ತಮ್ಮ ಹೆಸರನ್ನು ಬರೆಯಲು ಕಲಿತರು. ಹತ್ತು ಮಂದಿಯೆದುರು ಎದ್ದುನಿಂತು ತನ್ನ ಅವಶ್ಯಕತೆಯನ್ನು ಅಂಕೆಸಂಖ್ಯೆಗಳಲ್ಲಿ ಮಂಡಿಸುವ ಈ ಅಭ್ಯಾಸಕ್ಕೆ ಮಿಗಿಲಾದ ವಾಣಿಜ್ಯಶಾಲೆಯನ್ನು ನಾನು ಕಾಣೆ.

ಸಂಘದಲ್ಲಿ ಮೊಳೆತುದನ್ನು ಬೆಳೆಸತಕ್ಕದ್ದು ತರಬೇತಿ ಸಂಸ್ಥೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ಕೇಂದ್ರ ಸರಕಾರವು ಅಂಗೀಕರಿಸಿ ಜಿಲ್ಲೆಗೊಂದರಂತೆ ಹರಡಿದುದರಿಂದ, ಹಾವೇರಿಯ ಹೆಣ್ಣುಮಕ್ಕಳಿಗೂ ಊಟವಸತಿಗಳೊಡನೆ ಉಚಿತ ಶಿಕ್ಷಣ ಲಭ್ಯವಾಗಿದೆ. ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿಗಳಿಗೆ ಕೆಲವೇ ದಿನ. ಹೊಲಿಗೆಗೆ ಸುಮಾರು ಒಂದು ತಿಂಗಳು. ಆದರೆ ಹಪ್ಪಳ ಒತ್ತುವುದನ್ನು ಉತ್ತರ ಕರ್ನಾಟಕದ ಹೆಂಗಸಿಗೆ ಕಲಿಸುವವರು ಯಾರು? ಇಲ್ಲಿಯ ನಿಜವಾದ ಪಾಠ ಬೇರೆ. ಕಣ್ಣಿಗೆ ಬಟ್ಟೆ ಕಟ್ಟಿ, ರೂಢಿಯಿಲ್ಲದ ಕೈಯಿಂದ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವ ಆಟವೊಂದನ್ನು ಅವರಿಂದ ಆಡಿಸುತ್ತಾರೆ. ಎಷ್ಟು ತುಂಡು ಏರಿಸಬಲ್ಲೆಯೆಂದು ಮೊದಲೇ ಹೇಳಬೇಕು. ಪಕ್ಕದಲ್ಲಿ ನಿಂತವರು ದಾರಿ ತೋರಬೇಕು. ತನ್ನ ಶಕ್ತಿಯನ್ನು ಅತಿ ಕಡಿಮೆಯಾಗಿ ಹೇಳಿದವಳು ತಾನು ಹೇಳಿದ ಸಂಖ್ಯೆಯನ್ನು ದಾಟಿದಾಗ, ನಿಲ್ಲಿಸೆಂದವರಾರು ಏರಿಸೆಂದವರಾರು ಎಂಬುದರ ಮೇಲೆ ನಡೆಯುವ ಚರ್ಚೆ ಆ ದಿನದ ಪಾಠವಾಗುತ್ತದೆ.

ಆಮೇಲೆ ಬರುವುದು ಬೆಲೆಯ ಲೆಕ್ಕ. ಖಡಕ್ ರೊಟ್ಟಿಯೊಂದಕ್ಕೆ ಎಷ್ಟು ಬೀಳುತ್ತದೆಂದು ಕೇಳಿದರೆ ಜೋಳದ ಬೆಲೆ ತಕ್ಷಣ ಬರುತ್ತದೆ. ಗಿರಣಿಯ ಬೀಸುವ ಖರ್ಚು ಬರುತ್ತದೆ. ಉರುವಲು ತುಸು ತಡವಾಗಿ ಬರುತ್ತದೆ. ಬಡಿದವಳ ಕೂಲಿ ಮಾತ್ರ ಬರುವುದೇ ಇಲ್ಲ. “ಮನ್ಯಾಗ ಮಾಡೋ ಕೆಲಸಕ್ಕ ಕೂಲಿ ಯಾಕ್ ಹಿಡೀಬೇಕ್ರಿ?” ಎಂಬ ಮಾತು ಇಂಥ ತರಗತಿಗಳಲ್ಲಿ ಏಳದೆ ಇರುವುದಿಲ್ಲ. ಆ ಕೂಲಿಯನ್ನು ಹಿಡಿದ ದಿನ ಅನೇಕರಿಗೆ ತಾವು ಇಷ್ಟು ಕಾಲ ನಷ್ಟಕ್ಕೆ ಮಾರುತ್ತಿದ್ದುದು ಗೋಚರವಾಗುತ್ತದೆ. ಖಾರದ ಪುಡಿಯ ವಿಷಯದಲ್ಲಿಯೂ ಹೀಗೆಯೇ: ತುಂಬು ತೆಗೆದಾಗ ಇಳಿಯುವ ತೂಕ, ಒಣಗಿಸಿದಾಗ ಇಳಿಯುವ ತೂಕ, ಕುಟ್ಟಿ ಸಾಣಿಸಿದಾಗ ಇಳಿಯುವ ತೂಕ ಇವಿಷ್ಟನ್ನೂ ಕಳೆದ ಮೇಲೆಯೇ ಬೆಲೆ ಕಟ್ಟಬೇಕು. ಬೆಳಕಿಗೂ ಕಾವಿಗೂ ಸಿಕ್ಕಿದ ಪುಡಿ ಬಣ್ಣ ಕಳೆದುಕೊಳ್ಳುವುದರಿಂದ ಪೊಟ್ಟಣ ಯಾವುದಾಗಿರಬೇಕೆಂಬುದನ್ನು ತಿಳಿಯಬೇಕು. ಅದರ ಮೇಲೆ ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆ, ತೂಕ, ತಯಾರಿಸಿದ ದಿನಾಂಕ ಇರಲೇಬೇಕೆಂಬುದನ್ನು ತಿಳಿಯಬೇಕು. ತರಬೇತಿ ಮುಗಿದ ಮೇಲೆಯೂ ಎರಡು ವರ್ಷಗಳ ಕಾಲ ಸಂಸ್ಥೆಯವರು ವಿಚಾರಿಸುತ್ತಿರಬೇಕೆಂಬ ನಿಯಮವಿರುವುದು ಈ ವ್ಯವಸ್ಥೆಯ ಅತ್ಯುತ್ತಮ ಅಂಶವೆಂದು ನನ್ನ ಎಣಿಕೆ. ಅಂಗಡಿ ತೆರೆದ ಮೊದಲ ಮಳೆಗಾಲದಲ್ಲಿಯೇ ಧೈರ್ಯ ಕುಗ್ಗುವುದು.

ಕಲಿಕೆಯೂ ಸಂಗಾತವೂ ಇಲ್ಲದೆ ಸಾಲವೊಂದೇ ಮನೆಬಾಗಿಲಿಗೆ ಬಂದರೆ ಏನಾಗುವುದೆಂಬುದನ್ನು ಈ ಜಿಲ್ಲೆ ಕಣ್ಣಾರೆ ಕಂಡಿದೆ. 2025ರ ಜನವರಿಯಲ್ಲಿ, ಕಿರುಸಾಲ ಕಂಪನಿಗಳ ವಸೂಲಿಯ ಕಿರುಕುಳವನ್ನು ತಾಳಲಾರದೆ ಹಾವೇರಿ ಜಿಲ್ಲೆಯ ಹೆಂಗಸರು ತಮ್ಮ ಮಾಂಗಲ್ಯವನ್ನು ಉಳಿಸಿಕೊಡಿರೆಂದು ಮೊರೆಯಿಟ್ಟು ಮುಖ್ಯಮಂತ್ರಿಗಳಿಗೆ ಮಾಂಗಲ್ಯಸರಗಳನ್ನೇ ಅಂಚೆಯಲ್ಲಿ ಕಳುಹಿಸಿದರು. ಮರುತಿಂಗಳು ಸರಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಕಂಪನಿಯ ಸಾಲಕ್ಕೂ ಗುಂಪೇ ಹೊಣೆ, ಸಂಘದ ಸಾಲಕ್ಕೂ ಗುಂಪೇ ಹೊಣೆ. ಆದರೆ ಒಂದರಲ್ಲಿ ಗುಂಪು ವಸೂಲಿಯ ಸಾಧನ, ಇನ್ನೊಂದರಲ್ಲಿ ಸಾಲ ಬೇಕೇ ಬೇಡವೇ ಎಂಬುದನ್ನು ನಿರ್ಣಯಿಸುವ ಸಭೆ. ಈ ವ್ಯತ್ಯಾಸವನ್ನು ಮರೆತು ಸಾಲದ ಮೊತ್ತವನ್ನಷ್ಟೇ ಸಬಲೀಕರಣವೆಂದು ವರದಿಗಳಲ್ಲಿ ಬರೆಯುವುದು ದೊಡ್ಡ ಅನ್ಯಾಯ.

ನಗರದ ಸ್ತ್ರೀಯರಿಗೆ ಇಂಥ ಸಭೆ ಬಹುಕಾಲದಿಂದ ಇದೆ. 1983ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅವೇಕ್, ಅಂದರೆ ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘವು, ಮೊದಲೇ ದಾರಿ ಸವೆಸಿದವರು ಹೊಸಬರಿಗೆ ಹೇಳಿಕೊಡುವ ಪದ್ಧತಿಯ ಮೇಲೆ ನಿಂತಿದೆ. ಹುಬ್ಬಳ್ಳಿಯ ದೇಶಪಾಂಡೆ ಪ್ರತಿಷ್ಠಾನದ ನವೋದ್ಯಮಿ ಕಾರ್ಯಕ್ರಮವು ಉತ್ತರ ಕರ್ನಾಟಕದ ಸಣ್ಣ ಉದ್ಯಮಿಗಳಿಗೆ ಅದೇ ಬಗೆಯ ನೆರವನ್ನು ನೀಡುತ್ತ ಬಂದಿದೆ. ಮುಂಬಯಿಯ ಗಿರಗಾಂವದಲ್ಲಿ 1959ರಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿಯ ಸಾಲದಿಂದ ಆರಂಭಿಸಿದ ಲಿಜ್ಜತ್ ಹಪ್ಪಳದ ಸಂಸ್ಥೆ, ಹಪ್ಪಳ ಒತ್ತುವವರೇ ಅದರ ಒಡತಿಯರಾಗಿರಬೇಕೆಂಬ ನಿಯಮವನ್ನು ಇಂದಿಗೂ ಬಿಟ್ಟಿಲ್ಲ. ರಾಣೇಬೆನ್ನೂರು, ಬ್ಯಾಡಗಿಗಳಂಥ ಊರುಗಳಿಗೆ ಬೇಕಾದುದು ಈ ಎರಡರ ಸಂಗಮ: ಹಿರಿಯಳ ಅನುಭವವೂ ಕಿರಿಯಳ ಒಡೆತನವೂ.

ಅದಕ್ಕೆ ಬ್ಯಾಡಗಿಯ ಮಾರುಕಟ್ಟೆಯೇ ಒಳ್ಳೆಯ ಆರಂಭಸ್ಥಾನ. 2024ರ ಮಾರ್ಚಿನಲ್ಲಿ ಬೆಲೆ ಕುಸಿದು ರೈತರ ಕ್ರೋಧ ಭುಗಿಲೆದ್ದುದನ್ನು ಈ ಅಂಗಳ ನೋಡಿದೆ. ಕೊಳ್ಳುವವರು ಹೆಚ್ಚಿದಷ್ಟೂ ಬೆಳೆದವನಿಗೆ ಹಿತ. ತುಂಬು ಬಿಡಿಸುವ ಹೆಂಗಸರ ಒಕ್ಕೂಟವೊಂದು ತನ್ನದೇ ಹೆಸರಿನಲ್ಲಿ ಖರೀದಿಯ ಪರವಾನಗಿಯನ್ನು ಪಡೆದು, ಸುಗ್ಗಿಯಲ್ಲಿ ಡಬ್ಬಿಯ ಕೆಲವು ಚೀಲಗಳನ್ನು ಟೆಂಡರಿನಲ್ಲಿ ಹಿಡಿದು, ಊರಿನಲ್ಲಿಯೇ ಇರುವ ಶೀತಲಗೃಹದಲ್ಲಿಟ್ಟು, ವರ್ಷವಿಡೀ ತಿಂಗಳಿಗಿಷ್ಟೆಂದು ಕುಟ್ಟಿಸಿ ಮಾರುವುದು ಅಸಾಧ್ಯವಾದುದಲ್ಲ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣೆಯ ಕೇಂದ್ರ ಯೋಜನೆಯು ಇಂಥ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿಯವರೆಗೆ ಆರಂಭದ ಬಂಡವಾಳವನ್ನೂ ಯಂತ್ರಗಳಿಗೆ ಸಹಾಯಧನವನ್ನೂ ಗೊತ್ತುಮಾಡಿತು. ಮಾರುಕಟ್ಟೆ ಸಮಿತಿಯವರು ಒಕ್ಕೂಟಕ್ಕೆಂದು ಒಂದು ಮಳಿಗೆಯನ್ನು ಕಾದಿರಿಸಿ, ಟೆಂಡರು ಬರೆಯುವ ಕ್ರಮವನ್ನು ನಾಲ್ಕಾರು ಸದಸ್ಯೆಯರಿಗೆ ಸುಗ್ಗಿಗೆ ಮುನ್ನ ಹೇಳಿಕೊಟ್ಟರೆ, ಮುಂದಿನ ಸಂಕ್ರಾಂತಿಯ ಸೋಮವಾರದಂದೇ ಈ ಕಾರ್ಯ ಮೊದಲಾಗಬಹುದು. ಕಾಯಿಯ ಪರೀಕ್ಷೆಗೆ ಅವರು ಬೇರೆಯವರನ್ನು ಕರೆಯಬೇಕಾದುದಿಲ್ಲ.